ಘಟ್ಟದ ಮೇಲಿನ ಮೂರು ತಾಲೂಕುಗಳಲ್ಲಿ ಹದಿಹರೆಯದವರ ಮನೋವ್ಯಾಧಿ ಮತ್ತು ಮಾದಕ ವ್ಯಸನ: ನೆರವಿನ ಹಾದಿ

ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲೂಕುಗಳಲ್ಲಿ ಹದಿಹರೆಯದ ಹುಡುಗನೊಬ್ಬನಿಗೆ ಜ್ವರ ಬಂದರೆ ಏನು ಮಾಡಬೇಕೆಂಬುದು ಮನೆಯವರಿಗೆಲ್ಲ ತಿಳಿದಿದೆ. ಮೊದಲ ದಿನ ಕಷಾಯ, ಮೂರನೆಯ ದಿನ ಊರ ಡಾಕ್ಟರು, ಐದನೆಯ ದಿನ ತಾಲೂಕು ಆಸ್ಪತ್ರೆ. ಅದೇ ಹುಡುಗನು ಮೂರು ತಿಂಗಳಿನಿಂದ ಸರಿಯಾಗಿ ನಿದ್ರಿಸದೆ, ಓದಿನಲ್ಲಿ ಮನಸ್ಸಿಡಲಾರದೆ, ಗೆಳೆಯರನ್ನು ತೊರೆದು, ಸಂಜೆಯಾದೊಡನೆ ಬಸ್ ನಿಲ್ದಾಣದ ಹಿಂಭಾಗದಲ್ಲಿ ಗುಟಕಾ ಅಗಿಯುತ್ತಲೋ ಗಾಂಜಾ ಸೇದುತ್ತಲೋ ಕಾಲಕಳೆಯುತ್ತಿದ್ದರೆ ಮಾತ್ರ ಯಾರ ಬಳಿಗೆ ಹೋಗಬೇಕೆಂಬುದು ಯಾರಿಗೂ ಹೊಳೆಯುವುದಿಲ್ಲ. ಮನೆಯವರು ಅದನ್ನು ದುರ್ನಡತೆಯೆಂದು ಬಗೆದು ಗದರುತ್ತಾರೆ. ಕಾಲೇಜಿನವರು ಅಶಿಸ್ತೆಂದು ಬಗೆದು ಪಾಲಕರನ್ನು ಕರೆಸುತ್ತಾರೆ. ಕಾಯಿಲೆಯೆಂಬ ಮಾತು ಬರುವಷ್ಟರಲ್ಲಿ ಒಂದೆರಡು ವರ್ಷಗಳೇ ಕಳೆದಿರುತ್ತವೆ.

ಪ್ರಸ್ತುತ ಲೇಖನದಲ್ಲಿ ನಾವು ವಿವರಿಸಹೊರಟಿರುವುದು ಈ ಕಾಲಹರಣವನ್ನು ಕುರಿತು. ನೆರವು ಈ ತಾಲೂಕುಗಳಲ್ಲಿ ಇಲ್ಲವೇ ಇಲ್ಲವೆಂಬುದು ಸಾಮಾನ್ಯವಾದ ನಂಬಿಕೆ. ಅದು ಪೂರ್ತಿ ನಿಜವಲ್ಲ. ನೆರವು ಇದೆ, ಆದರೆ ಅದು ಹದಿನಾರು ಹದಿನೇಳು ವರ್ಷದವನು ತಾನಾಗಿಯೇ ತಲಪಲು ಸಾಧ್ಯವಾಗುವ ಜಾಗದಲ್ಲಿ ಇಲ್ಲ. ನಡುವೆ ಒಬ್ಬ ದೊಡ್ಡವರು ಬೇಕು. ಆ ದೊಡ್ಡವರು ಹೆಚ್ಚಿನ ಸಂದರ್ಭಗಳಲ್ಲಿ ಉಪನ್ಯಾಸಕರೇ ಆಗಿರಬೇಕಾಗುತ್ತದೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಮುಂದೆ ಹೇಳುತ್ತೇವೆ.

ಮೊದಲು ನೆಲದ ಮಾತು. ಈ ಸೀಮೆಯಲ್ಲಿ ಊರೆಂದರೆ ಬಯಲುಸೀಮೆಯ ಹಾಗೆ ಒತ್ತಾಗಿ ನಿಂತ ಮನೆಗಳ ಸಾಲಲ್ಲ. ಕಣಿವೆಯ ಅಡಿಕೆ ತೋಟದ ತಲೆಯಲ್ಲಿ ಒಂದು ಮನೆ, ಸೊಪ್ಪಿನ ಬೆಟ್ಟವನ್ನು ದಾಟಿದರೆ ಇನ್ನೊಂದು. ಪದವಿಪೂರ್ವ ತರಗತಿಗೆ ಬಂದ ಹುಡುಗ ಹುಡುಗಿಯರಲ್ಲಿ ಅನೇಕರು ದಿನವೂ ಬಸ್ಸಿನಲ್ಲಿ ಓಡಾಡುತ್ತಾರೆ. ಉಳಿದವರು ವಸತಿನಿಲಯಗಳಲ್ಲಿಯೋ ನೆಂಟರ ಮನೆಗಳಲ್ಲಿಯೋ ನಿಲ್ಲುತ್ತಾರೆ. ಜಿಲ್ಲಾ ಕೇಂದ್ರವಾದ ಕಾರವಾರವು ಘಟ್ಟದ ಕೆಳಗೆ, ಕಡಲ ದಂಡೆಯಲ್ಲಿದೆ. ಆದರೆ ಯಲ್ಲಾಪುರದವರು ದೊಡ್ಡ ಕಾಯಿಲೆಗೆ ಹೋಗುವುದು ಹೆದ್ದಾರಿ ಹಿಡಿದು ಹುಬ್ಬಳ್ಳಿಗೆ. ಸಿದ್ದಾಪುರದವರಿಗೆ ಸಾಗರ, ಶಿವಮೊಗ್ಗಗಳು ಹತ್ತಿರ. ಶಿರಸಿಯವರು ಅನುಕೂಲ ಕಂಡ ಕಡೆಗೆ ಹೋಗುತ್ತಾರೆ. ಆಡಳಿತದ ನಕಾಶೆ ಒಂದು ಬಗೆ, ರೋಗಿಯ ಕಾಲುದಾರಿ ಇನ್ನೊಂದು ಬಗೆ. ಮಾನಸಿಕ ಆರೋಗ್ಯದ ಸರ್ಕಾರಿ ಕಾರ್ಯಕ್ರಮವು ಕಾರವಾರದಿಂದ ನಡೆಯುತ್ತಿರಲು, ರೋಗಿಯು ಇನ್ನೊಂದು ಜಿಲ್ಲೆಯ ಆಸ್ಪತ್ರೆಯಲ್ಲಿ ಚೀಟಿ ಬರೆಸಿಕೊಂಡು ಬಂದರೆ, ಮುಂದೆ ಅವನ ಯೋಗಕ್ಷೇಮವನ್ನು ವಿಚಾರಿಸುವ ಹೊಣೆ ಯಾರದೂ ಅಲ್ಲದಂತಾಗುತ್ತದೆ.

ಇದಕ್ಕೆ ಹಿಂದಿನ ಚರಿತ್ರೆಯೂ ಉಂಟು. 1956ನೆಯ ಇಸವಿ ನವೆಂಬರ್ 1ರವರೆಗೆ ಈ ಜಿಲ್ಲೆ ಮುಂಬಯಿ ರಾಜ್ಯಕ್ಕೆ ಸೇರಿತ್ತು. ಆ ಭಾಗದ ಕನ್ನಡಿಗರಿಗೆ ಮಾನಸಿಕ ಚಿಕಿತ್ಸೆಯೆಂದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಥಾಪಿತವಾದ ಧಾರವಾಡದ ಆಸ್ಪತ್ರೆಯೊಂದೇ. ‘ಇವನನ್ನು ಧಾರವಾಡಕ್ಕೆ ಒಯ್ಯಬೇಕು’ ಎಂಬ ಕುಚೋದ್ಯದ ಮಾತು ಅಲ್ಲಿಂದ ಹುಟ್ಟಿದ್ದು. ಆ ಆಸ್ಪತ್ರೆ ಇಂದು ಡಿಮ್ಹಾನ್ಸ್ ಎಂಬ ಹೆಸರಿನಿಂದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಬೋಧನ ಸಂಸ್ಥೆಯಾಗಿ ಬೆಳೆದಿದೆ. ಗೋಡೆಗಳು ಬದಲಾಗಿವೆ, ವೈದ್ಯಪದ್ಧತಿ ಬದಲಾಗಿದೆ. ಕುಚೋದ್ಯ ಮಾತ್ರ ಹಾಗೆಯೇ ಉಳಿದಿದೆ. ಹದಿನೇಳರ ಹುಡುಗನನ್ನು ತಡೆದು ನಿಲ್ಲಿಸುವುದಕ್ಕೆ ಅದೊಂದೇ ಸಾಕು.

ಮನೋವ್ಯಾಧಿಗಳು ತಲೆದೋರುವ ವಯಸ್ಸನ್ನು ಕುರಿತು ಸಂಶೋಧಕರು ಬಹಳ ಕೆಲಸ ಮಾಡಿದ್ದಾರೆ. ಲೋಕದ ನಾನಾ ದೇಶಗಳ 192 ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯ ಪ್ರಕಾರ, ಮನೋವ್ಯಾಧಿಗೆ ಒಳಗಾದವರಲ್ಲಿ ಶೇಕಡಾ 34.6ರಷ್ಟು ಮಂದಿಗೆ ಅದು 14 ವರ್ಷ ತುಂಬುವುದರೊಳಗೆ, ಶೇಕಡಾ 48.4ರಷ್ಟು ಮಂದಿಗೆ 18 ತುಂಬುವುದರೊಳಗೆ ಆರಂಭವಾಗಿರುತ್ತದೆ. ಎಂದರೆ, ಮುಂದೆ ನಲವತ್ತನೆಯ ವಯಸ್ಸಿನಲ್ಲಿ ಆಸ್ಪತ್ರೆಗೆ ಬರುವ ಇಬ್ಬರಲ್ಲಿ ಒಬ್ಬರು ತಮ್ಮ ಕಾಯಿಲೆಯ ಮೊದಲ ದಿನಗಳನ್ನು ಶಾಲೆ ಕಾಲೇಜುಗಳ ಬೆಂಚಿನ ಮೇಲೆ ಕುಳಿತು ಕಳೆದಿರುತ್ತಾರೆ. ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ಭಾರತದ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರ ಪೈಕಿ ಶೇಕಡಾ 7.3ರಷ್ಟು ಮಂದಿಗೆ ಮನೋವ್ಯಾಧಿಯ ಲಕ್ಷಣಗಳಿರುವುದು ಕಂಡುಬಂದಿತು. ಆ ಹನ್ನೆರಡು ರಾಜ್ಯಗಳಲ್ಲಿ ಕರ್ನಾಟಕ ಸೇರಿರಲಿಲ್ಲ. ಆದುದರಿಂದ ಅಂಕೆಯನ್ನು ಯಥಾವತ್ತಾಗಿ ನಮ್ಮ ತಾಲೂಕುಗಳಿಗೆ ಅನ್ವಯಿಸುವುದು ಸಾಧುವಲ್ಲ. ಆದರೂ ಒಂದು ಅಂದಾಜಿಗಾಗಿ ಹೇಳುವುದಾದರೆ, ಅರವತ್ತು ಮಂದಿಯ ತರಗತಿಯಲ್ಲಿ ನಾಲ್ವರು. ಅದೇ ಸಮೀಕ್ಷೆಯು ಇನ್ನೊಂದು ಸಂಗತಿಯನ್ನು ತಿಳಿಸಿತು: ಮದ್ಯವ್ಯಸನಕ್ಕೆ ಚಿಕಿತ್ಸೆ ಬೇಕಾದವರಲ್ಲಿ ಶೇಕಡಾ 86ರಷ್ಟು ಮಂದಿಗೆ ಅದು ದೊರೆತಿರಲೇ ಇಲ್ಲ.

ಈ ಸೀಮೆಯ ತರುಣರು ಸೇವಿಸುವ ಪದಾರ್ಥಗಳು ಯಾವುವು ಎಂಬ ಪ್ರಶ್ನೆಗೆ ಬರೋಣ. ಪತ್ರಿಕೆಗಳಲ್ಲಿ ದೊಡ್ಡ ನಗರಗಳ ರಾಸಾಯನಿಕ ಮಾದಕಗಳ ಸುದ್ದಿಯೇ ಹೆಚ್ಚು. ಇಲ್ಲಿ ಮೊದಲು ಎಣಿಸಬೇಕಾದುದು ತಂಬಾಕು. ಕವಳ ಹಾಕುವುದು ಈ ಭಾಗದ ಸತ್ಕಾರದ ಅಂಗ. ಬಂದವರ ಮುಂದೆ ಕವಳದ ಬಟ್ಟಲನ್ನು ಇಡದ ಮನೆಯಿಲ್ಲ. ಅಡಿಕೆಯೇ ಇಲ್ಲಿನ ಅನ್ನ. ಹುಡುಗನ ಕಾಲೇಜು ಶುಲ್ಕವನ್ನು ತೆರುವುದೂ ಅಡಿಕೆಯೇ. ಹೀಗಿರುವಲ್ಲಿ ಅಡಿಕೆಯನ್ನು ಕುರಿತು ಕಟುವಾದ ಮಾತನ್ನು ಆಡುವುದು ನಮಗೆ ಸುಲಭವಲ್ಲ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನ ಅಂಗವು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ತಂಬಾಕು ಬೆರೆಸದ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡುವ ವಸ್ತುವೆಂದು ಪರಿಗಣಿತವಾಗಿದೆ. ಅದರಲ್ಲಿರುವ ಅರಿಕೋಲೀನ್ ಎಂಬ ಕ್ಷಾರವಸ್ತು ನರಗಳನ್ನು ಉದ್ದೀಪಿಸಿ ಮತ್ತೆ ಮತ್ತೆ ಬೇಕೆನಿಸುವ ಗುಣವುಳ್ಳದ್ದು. ಹಿರಿಯರ ಕವಳಕ್ಕೂ ಹುಡುಗರ ಗುಟಕಾಕ್ಕೂ ವ್ಯತ್ಯಾಸವಿಲ್ಲದಿಲ್ಲ. ಕವಳಕ್ಕೆ ಹೊತ್ತುಗೊತ್ತು ಇತ್ತು, ಜೊತೆಗಾರರಿದ್ದರು. ಗುಟಕಾ ಕಿಸೆಯಲ್ಲಿರುತ್ತದೆ, ಒಬ್ಬನೇ ಇದ್ದಾಗ ಬಾಯಿಗೆ ಬೀಳುತ್ತದೆ. ಕರ್ನಾಟಕ ಸರ್ಕಾರ 2013ರಲ್ಲಿ ಗುಟಕಾವನ್ನು ನಿಷೇಧಿಸಿತು. ಅಂಗಡಿಗಳಲ್ಲಿ ಈಗ ಪಾನ್ ಮಸಾಲಾ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದು ಚೀಟಿಯಲ್ಲಿ ದೊರೆಯುತ್ತವೆ. ಬೆರೆಸಿಕೊಳ್ಳುವ ಶ್ರಮವಷ್ಟೇ ಕೊಳ್ಳುವವನದು.

ನಿಷೇಧಗಳ ಇತಿಹಾಸ ಈ ಜಿಲ್ಲೆಗೆ ಹೊಸದಲ್ಲ. 1949ರ ಮುಂಬಯಿ ಪಾನನಿಷೇಧ ಕಾಯಿದೆ ಇಲ್ಲಿಯೂ ನಡೆದಿತ್ತು. ಸಾರಾಯಿಯನ್ನು ರಾಜ್ಯವು 2007ರಲ್ಲಿ ನಿಲ್ಲಿಸಿತು. ಕುಡಿತ ನಿಲ್ಲಲಿಲ್ಲ. ಮದ್ಯದ ಬಗ್ಗೆ ಇಲ್ಲಿ ಹೆಚ್ಚು ಬರೆಯಬೇಕಾಗಿಲ್ಲ, ಅದು ಎಲ್ಲರಿಗೂ ಕಾಣುವ ವ್ಯಸನ. ಕಾಣದಿರುವುದು ಗಾಂಜಾ. ಅದು ‘ಸೊಪ್ಪು’ ತಾನೆ, ಗಿಡಮೂಲಿಕೆ ತಾನೆ ಎಂಬ ಸಮಾಧಾನವನ್ನು ಹುಡುಗರು ಹೇಳಿಕೊಳ್ಳುತ್ತಾರೆ. ಹದಿಹರೆಯದಲ್ಲಿ, ಅಂದರೆ ಮಿದುಳಿನ ಮುಂಭಾಗದ ವಿವೇಚನಾಂಗಗಳು ಇನ್ನೂ ಪಕ್ವವಾಗದಿರುವಾಗ, ಅದನ್ನು ಮೇಲಿಂದ ಮೇಲೆ ಸೇದುವವರಲ್ಲಿ ಭ್ರಮೆ, ಸಂಶಯ, ಕಿವಿಯಲ್ಲಿ ಮಾತು ಕೇಳಿಸುವುದು ಮೊದಲಾದ ಚಿತ್ತವಿಕಾರಗಳು ಹೆಚ್ಚಾಗಿ ತೋರುತ್ತವೆಂಬುದು ಅನೇಕ ದೇಶಗಳ ಅನುಭವ. ಇನ್ನು ಪಂಕ್ಚರ್ ಹಾಕುವ ಅಂಟು, ವೈಟ್ನರ್ ಮುಂತಾದವುಗಳ ಆವಿಯನ್ನು ಮೂಸುವ ಚಟ. ಅದು ವಯಸ್ಕರಿಗಿಂತ ಮಕ್ಕಳಲ್ಲಿಯೇ ಅಧಿಕವೆಂದು 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ವರದಿ ತಿಳಿಸುತ್ತದೆ: 10ರಿಂದ 17 ವರ್ಷದವರಲ್ಲಿ ಶೇಕಡಾ 1.17, ವಯಸ್ಕರಲ್ಲಿ ಶೇಕಡಾ 0.58.

ವ್ಯಸನ ಬೇರೆ, ಮನೋವ್ಯಾಧಿ ಬೇರೆ ಎಂದು ವಿಂಗಡಿಸಿ ನೋಡುವ ರೂಢಿ ನಮ್ಮಲ್ಲಿದೆ. ಒಂದಕ್ಕೆ ಶಿಕ್ಷೆ, ಇನ್ನೊಂದಕ್ಕೆ ಕನಿಕರ. ವಾಸ್ತವದಲ್ಲಿ ಇವೆರಡೂ ಒಂದೇ ಹುಡುಗನಲ್ಲಿ ಕೂಡಿಕೊಂಡಿರುವುದೇ ಹೆಚ್ಚು. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಸಿದ್ದಾಪುರ ತಾಲೂಕಿನ ಒಳಭಾಗದ ಹಳ್ಳಿಯ ಹುಡುಗ. ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕಗಳು. ಶಿರಸಿಯಲ್ಲಿ ವಿಜ್ಞಾನ ವಿಭಾಗಕ್ಕೆ ಸೇರಿದ್ದಾನೆ. ಕನ್ನಡ ಮಾಧ್ಯಮದಿಂದ ಬಂದವನಿಗೆ ಇಂಗ್ಲಿಷಿನ ಪಾಠ ತಲೆಗೆ ಹತ್ತುವುದಿಲ್ಲ. ಮೊದಲ ಪರೀಕ್ಷೆಯಲ್ಲಿ ಅನುತ್ತೀರ್ಣನಾಗುತ್ತಾನೆ. ಮನೆಗೆ ಹೇಳುವಂತಿಲ್ಲ, ಏಕೆಂದರೆ ಆ ವರ್ಷ ಕೊಳೆರೋಗದಿಂದ ಅರ್ಧ ಫಸಲು ಉದುರಿಹೋಗಿ ತಂದೆ ಸಾಲಮಾಡಿ ಶುಲ್ಕ ಕಟ್ಟಿದ್ದಾರೆ. ರಾತ್ರಿ ನಿದ್ರೆ ಬರುವುದಿಲ್ಲ, ಎದೆ ಹೊಡೆದುಕೊಳ್ಳುತ್ತದೆ. ಜೊತೆಗಾರನೊಬ್ಬ ಕೊಟ್ಟ ಬೀಡಿಯಿಂದ ಆ ರಾತ್ರಿಯೇನೋ ನಿದ್ರೆ ಬಂದಿತು. ಆರು ತಿಂಗಳ ತರುವಾಯ ವಸತಿನಿಲಯದ ತಪಾಸಣೆಯಲ್ಲಿ ಅವನ ಪೆಟ್ಟಿಗೆಯೊಳಗೆ ಗಾಂಜಾದ ಪೊಟ್ಟಣ ಸಿಕ್ಕುತ್ತದೆ. ವರ್ಗಾವಣೆ ಪ್ರಮಾಣಪತ್ರವನ್ನು ಕೈಗೆ ಕೊಟ್ಟು ಕಳುಹಿಸುತ್ತಾರೆ. ಸಂಸ್ಥೆಯು ಶುದ್ಧವಾಯಿತು, ಹುಡುಗನು ಆ ಪೊಟ್ಟಣಕ್ಕೆ ಮೊದಲು ಇದ್ದ ಆತಂಕದೊಡನೆ ಬೆಟ್ಟದ ಆಚೆಯ ಮನೆಗೆ ಹಿಂದಿರುಗುತ್ತಾನೆ. ಅಲ್ಲಿ ಅವನನ್ನು ಗಮನಿಸಬಲ್ಲ ಉಪನ್ಯಾಸಕರಿಲ್ಲ, ಆಸ್ಪತ್ರೆಯಿಲ್ಲ, ಸಮವಯಸ್ಕರೂ ಇಲ್ಲ. ಈ ಬಗೆಯ ಹೊರದೂಡುವಿಕೆಯನ್ನು ನಾವು ಒಪ್ಪುವುದಿಲ್ಲ. ಶಿಸ್ತು ಬೇಡವೆಂದಲ್ಲ, ಮಾರುವವನಿಗೂ ಸೇದುವವನಿಗೂ ಇರುವ ಅಂತರವನ್ನು ಕಾನೂನೇ ಗುರುತಿಸಿರುವಾಗ ಕಾಲೇಜು ಗುರುತಿಸದಿರುವುದು ಸರಿಯಲ್ಲ.

ಹುಡುಗಿಯರ ವಿಷಯದಲ್ಲಿ ತೊಂದರೆಯ ರೂಪವೇ ಬೇರೆ. ಅವರಲ್ಲಿ ಅದು ಅಶಿಸ್ತಾಗಿ ಹೊರಬೀಳುವುದು ಕಡಿಮೆ. ಊಟ ಬಿಡುವುದು, ಪ್ರಾರ್ಥನೆಯ ಹೊತ್ತಿಗೆ ತಲೆಸುತ್ತಿ ಬೀಳುವುದು, ಕಾರಣವಿಲ್ಲದ ಹೊಟ್ಟೆನೋವು, ಮುಂಗೈಯನ್ನು ಗಾಯಮಾಡಿಕೊಂಡು ತೋಳು ಮುಚ್ಚುವ ಅಂಗಿ ತೊಡುವುದು ಇವೇ ಸೂಚನೆಗಳು. ಇಂಥವರನ್ನು ಯಾರೂ ಕಾಲೇಜಿನಿಂದ ಹೊರಹಾಕುವುದಿಲ್ಲ, ಆದರೆ ಯಾರೂ ಕೇಳುವುದೂ ಇಲ್ಲ. ‘ಮದುವೆಯಾದರೆ ಸರಿಹೋಗುತ್ತದೆ’ ಎಂಬ ಮಾತಿನಲ್ಲಿ ವಿಷಯ ಮುಗಿದುಹೋಗುತ್ತದೆ.

ಹಾಗಾದರೆ ನೆರವು ಎಲ್ಲಿದೆ? ನಮ್ಮ ರಾಜ್ಯಕ್ಕೆ ಈ ವಿಷಯದಲ್ಲಿ ಒಂದು ಹಿರಿಮೆಯುಂಟು. ಮನೋವೈದ್ಯರು ನಗರದ ಆಸ್ಪತ್ರೆಯಲ್ಲಿ ಕುಳಿತಿದ್ದರೆ ಸಾಲದು, ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರೇ ತರಬೇತಿ ಪಡೆದು ಚಿಕಿತ್ಸೆ ನೀಡಬೇಕು ಎಂಬ ವಿಚಾರವನ್ನು ನಿಮ್ಹಾನ್ಸಿನವರು 1970ರ ದಶಕದಲ್ಲಿ ಬೆಂಗಳೂರಿನ ಬಳಿಯ ಸಕಲವಾರದಲ್ಲಿ ಪ್ರಯೋಗಿಸಿದರು. 1980ರ ದಶಕದ ಉತ್ತರಾರ್ಧದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ವಿಸ್ತರಿಸಿದರು. 1996ರಲ್ಲಿ ಭಾರತ ಸರ್ಕಾರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಅದರ ಫಲವಾಗಿ ಇಂದು ಪ್ರತಿ ಜಿಲ್ಲೆಗೂ ಮನೋವೈದ್ಯರು, ಚಿಕಿತ್ಸಾ ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ಶುಶ್ರೂಷಕರು ಕೂಡಿದ ಒಂದು ತಂಡವನ್ನು ಗೊತ್ತುಮಾಡಲಾಗಿದೆ. ಇದರೊಡನೆ ರಾಜ್ಯ ಸರ್ಕಾರದ ‘ಮನೋಚೈತನ್ಯ’ ಕಾರ್ಯಕ್ರಮದ ಮೇರೆಗೆ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದಂದು ಮನೋವೈದ್ಯರಿಂದ ತಪಾಸಣೆಯ ಏರ್ಪಾಡಿದೆ. ಯಾವ ತಾಲೂಕಿಗೆ ಯಾವ ಮಂಗಳವಾರವೆಂಬುದನ್ನು ಆಸ್ಪತ್ರೆಯಲ್ಲಿ ವಿಚಾರಿಸಿ ತಿಳಿದು ಕಾಲೇಜಿನ ಸೂಚನಾ ಫಲಕದ ಮೇಲೆ ಬರೆದಿಡುವುದು ಐದು ನಿಮಿಷದ ಕೆಲಸ. ವಿದ್ಯಾರ್ಥಿಯನ್ನು ಒಯ್ಯುವುದಕ್ಕೆ ಮೊದಲು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು. ವೈದ್ಯರು ಬಾರದ ದಿನ ಹೋಗಿ ಹಿಂದಿರುಗಿದ ಹುಡುಗ ಎರಡನೆಯ ಸಲ ಹೋಗಲು ಒಪ್ಪುವುದಿಲ್ಲ.

2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದ ಅಡಿಯಲ್ಲಿ 10ರಿಂದ 19 ವರ್ಷದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಸ್ನೇಹ ಕ್ಲಿನಿಕ್’ಗಳನ್ನು ತೆರೆಯಲಾಗಿದೆ. ಅಲ್ಲಿ ಆಪ್ತಸಮಾಲೋಚಕರೊಡನೆ ಮಾತನಾಡಬಹುದು. ಹೆಸರಿನಲ್ಲಿ ಮನೋರೋಗದ ಸುಳಿವಿಲ್ಲದಿರುವುದು ಅದರ ದೊಡ್ಡ ಗುಣವೆಂದು ನಮಗೆ ತೋರುತ್ತದೆ. ಶಿರಸಿಯಂಥ ಊರಿನಲ್ಲಿ ಆಸ್ಪತ್ರೆಯ ಹಜಾರದಲ್ಲಿ ಕುಳಿತವರಲ್ಲಿ ಒಬ್ಬರಾದರೂ ಪರಿಚಿತರಿರುತ್ತಾರೆ; ‘ಯಾರ ಮನೆಯ ಮಾಣಿ, ಏನಾಯಿತು?’ ಎಂದು ಕೇಳದೆ ಬಿಡುವುದಿಲ್ಲ.

ಹಜಾರದ ಈ ಭಯವಿಲ್ಲದ ದಾರಿ ದೂರವಾಣಿ. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಸೇವೆಗೆ 14416 ಎಂಬ ಸಂಖ್ಯೆಗೆ ಕರೆಮಾಡಿದರೆ ದಿನದ ಯಾವ ಹೊತ್ತಿನಲ್ಲಿಯೂ ಕನ್ನಡದಲ್ಲಿ ಮಾತನಾಡಬಹುದು, ಶುಲ್ಕವಿಲ್ಲ. ಮೊದಲು ತರಬೇತಿ ಪಡೆದ ಸಮಾಲೋಚಕರು ಮಾತನಾಡುತ್ತಾರೆ. ಅಗತ್ಯವಿದ್ದರೆ ತಜ್ಞರಿಗೆ ಒಪ್ಪಿಸುತ್ತಾರೆ. ಮಾದಕ ವ್ಯಸನಕ್ಕೆಂದೇ 14446, ತಂಬಾಕು ಬಿಡುವುದಕ್ಕೆ 1800-11-2356, ಮಕ್ಕಳ ಸಂಕಟಗಳಿಗೆ 1098 ಎಂಬ ಸಂಖ್ಯೆಗಳಿವೆ. ಆದರೆ ಇಲ್ಲಿಯೂ ನೆಲದ ತೊಡಕು ಬಿಟ್ಟಿಲ್ಲ. 2020-21ರ ಸಾಂಕ್ರಾಮಿಕದ ಕಾಲದಲ್ಲಿ ಮಲೆನಾಡಿನ ಮಕ್ಕಳು ಪಾಠ ಕೇಳುವುದಕ್ಕಾಗಿ ಗುಡ್ಡದ ನೆತ್ತಿಯನ್ನು ಹತ್ತಿ ಪ್ಲಾಸ್ಟಿಕ್ಕಿನ ಮಾಡಿನ ಕೆಳಗೆ ಕುಳಿತುದನ್ನು ಎಲ್ಲರೂ ಬಲ್ಲರು. ಮನೆಯೊಳಗೆ ದೂರವಾಣಿಗೆ ಸಂಕೇತ ಸಿಗುವ ಜಾಗ ಜಗಲಿಯ ಒಂದು ಮೂಲೆ ಮಾತ್ರವಾದರೆ, ಅಜ್ಜ ಕುಳಿತಿರುವ ಆ ಜಗಲಿಯ ಮೇಲೆ ನಿಂತು ‘ನನಗೆ ಬದುಕುವುದು ಬೇಡವೆನಿಸುತ್ತದೆ’ ಎಂದು ಯಾವ ಹುಡುಗ ಹೇಳಿಯಾನು? ಕಾಲೇಜಿನಲ್ಲಿ ಒಂದು ಕೋಣೆ, ಅಲ್ಲಿ ಒಂದು ದೂರವಾಣಿ, ಮುಚ್ಚುವ ಬಾಗಿಲು, ಇಷ್ಟನ್ನು ಒದಗಿಸಿಕೊಟ್ಟರೆ ಅದೇ ಒಂದು ಚಿಕಿತ್ಸಾಲಯದಷ್ಟು ಕೆಲಸ ಮಾಡೀತು.

ತೀವ್ರ ಪ್ರಕರಣಗಳಿಗೆ ಕಾರವಾರ, ಹುಬ್ಬಳ್ಳಿ ಮತ್ತು ಶಿವಮೊಗ್ಗಗಳ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ, ಧಾರವಾಡದ ಡಿಮ್ಹಾನ್ಸ್ ಇದೆ. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಮಕ್ಕಳ ಮನೋವೈದ್ಯ ವಿಭಾಗವೂ ವ್ಯಸನಚಿಕಿತ್ಸಾ ಕೇಂದ್ರವೂ ಪ್ರತ್ಯೇಕವಾಗಿವೆ. ಯಲ್ಲಾಪುರದಿಂದ ಹುಬ್ಬಳ್ಳಿ ಎರಡು ತಾಸಿನ ದಾರಿಯಾದರೆ, ಶಿರಸಿಯಿಂದ ಬೆಂಗಳೂರು ಒಂದು ರಾತ್ರಿಯ ಪ್ರಯಾಣ. ದೂರಕ್ಕೆ ಹೋದಷ್ಟೂ ಚಿಕಿತ್ಸೆ ಉತ್ತಮವೆಂಬ ಭಾವನೆ ಬೇಡ. ಖಿನ್ನತೆ ಆತಂಕಗಳಂಥ ಕಾಯಿಲೆಗಳಲ್ಲಿ ಗುಣ ಕಾಣುವುದು ಒಂದು ಭೇಟಿಯಿಂದಲ್ಲ, ಆರೆಂಟು ಭೇಟಿಗಳಿಂದ. ಪದೇ ಪದೇ ಹೋಗಬಲ್ಲ ತಾಲೂಕು ಆಸ್ಪತ್ರೆಯು ಒಮ್ಮೆ ಮಾತ್ರ ಹೋಗಬಲ್ಲ ದೊಡ್ಡ ಆಸ್ಪತ್ರೆಗಿಂತ ಮೇಲು.

ಖಾಸಗಿ ‘ವ್ಯಸನಮುಕ್ತಿ ಕೇಂದ್ರ’ಗಳ ವಿಷಯದಲ್ಲಿ ಎಚ್ಚರ ಅವಶ್ಯಕ. 2018ರ ಮೇ 29ರಂದು ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮವು ಮದ್ಯ ಮತ್ತು ಮಾದಕಗಳ ದುರ್ಬಳಕೆಯಿಂದಾಗುವ ಮನೋವಿಕಾರಗಳನ್ನೂ ಮನೋವ್ಯಾಧಿಯ ವ್ಯಾಖ್ಯೆಯೊಳಗೆ ಸೇರಿಸಿದೆ. ಇಂಥವರನ್ನು ಒಳರೋಗಿಗಳಾಗಿ ಇರಿಸಿಕೊಂಡು ಚಿಕಿತ್ಸೆ ಮಾಡುವ ಸಂಸ್ಥೆ ನೋಂದಣಿ ಪಡೆದಿರಬೇಕು. ಸರಪಳಿಯಿಂದ ಕಟ್ಟಿಹಾಕುವುದನ್ನು ಅಧಿನಿಯಮ ಯಾವ ರೂಪದಲ್ಲಿಯೂ ಸಹಿಸುವುದಿಲ್ಲ. 18 ವರ್ಷ ತುಂಬದವರನ್ನು ಅಸಾಧಾರಣ ಸಂದರ್ಭದಲ್ಲಿ ಮಾತ್ರ ದಾಖಲಿಸಿಕೊಳ್ಳಬೇಕು, ವಯಸ್ಕರಿಂದ ಬೇರೆಯಾಗಿ ಇರಿಸಬೇಕು, ಪೋಷಕರೋ ಅವರು ನೇಮಿಸಿದ ಪರಿಚಾರಕರೋ ಜೊತೆಯಲ್ಲಿರಬೇಕು, 72 ಗಂಟೆಗಳೊಳಗೆ ಪುನರ್ವಿಮರ್ಶಾ ಮಂಡಳಿಗೆ ತಿಳಿಸಬೇಕು. ‘ಹುಡುಗನನ್ನು ಬಿಟ್ಟುಹೋಗಿ, ಮೂರು ತಿಂಗಳು ನೋಡಲು ಬರಬೇಡಿ’ ಎನ್ನುವ ಯಾವುದೇ ಸ್ಥಳದಿಂದ ಹುಡುಗನನ್ನು ಆ ಕ್ಷಣವೇ ಹಿಂದಕ್ಕೆ ಕರೆತರಬೇಕೆಂದು ನಾವು ಪಾಲಕರಿಗೆ ಹೇಳುತ್ತೇವೆ.

ಅನೇಕ ಉಪನ್ಯಾಸಕರು ಹಿಂಜರಿಯುವುದು ಪೊಲೀಸರ ಭಯದಿಂದ. ಗಾಂಜಾ ಸೇವನೆ ಅಪರಾಧವೆಂಬುದು ನಿಜ. ಆದರೆ 1985ರ ಮಾದಕ ದ್ರವ್ಯಗಳ ಅಧಿನಿಯಮದ 64ಎ ಪ್ರಕರಣವು, ಸೇವನೆಯ ಅಥವಾ ಅಲ್ಪ ಪ್ರಮಾಣದ ಅಪರಾಧವನ್ನು ಹೊತ್ತ ವ್ಯಸನಿ ಸರ್ಕಾರದ ಅಥವಾ ಸರ್ಕಾರ ಮನ್ನಿಸಿದ ಆಸ್ಪತ್ರೆಯಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆಗೆ ಒಳಪಟ್ಟರೆ ಅವನಿಗೆ ವಿಚಾರಣೆಯಿಂದ ರಕ್ಷಣೆ ನೀಡುತ್ತದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆಯನ್ನು ಹಿಂತೆಗೆಯಬಹುದು. ಮಕ್ಕಳಿಗೆ ತಂಬಾಕನ್ನಾಗಲಿ ಮಾದಕವನ್ನಾಗಲಿ ಕೊಡುವವನಿಗೆ 2015ರ ಬಾಲನ್ಯಾಯ ಅಧಿನಿಯಮ ಏಳು ವರ್ಷಗಳವರೆಗೆ ಕಠಿಣ ಸೆರೆವಾಸವನ್ನು ವಿಧಿಸುತ್ತದೆ. ಇನ್ನು ಪ್ರಾಣ ಕಳೆದುಕೊಳ್ಳಲು ಯತ್ನಿಸಿ ಬದುಕುಳಿದವರ ಮಾತು. ಅಂಥವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದು ಭಾವಿಸಿ ಅವರಿಗೆ ಆರೈಕೆಯನ್ನು ಒದಗಿಸುವುದು ಸರ್ಕಾರದ ಕರ್ತವ್ಯವೆಂದು 2017ರ ಅಧಿನಿಯಮ ಹೇಳಿದೆ. ಆಸ್ಪತ್ರೆಗೆ ಒಯ್ದರೆ ಮೊಕದ್ದಮೆಯಾದೀತೆಂದು ಮನೆಯಲ್ಲಿಯೇ ಮುಚ್ಚಿಡುವುದಕ್ಕೆ ಕಾರಣವಿಲ್ಲ.

ಉಪನ್ಯಾಸಕರು ಮನೋವೈದ್ಯರಾಗಬೇಕೆಂದು ನಾವು ಹೇಳುತ್ತಿಲ್ಲ. ಅವರು ಮಾಡಬೇಕಾದುದು ಕೇಳುವುದು. ತರಗತಿಯ ಎದುರಿನಲ್ಲಲ್ಲ, ಸಿಬ್ಬಂದಿ ಕೋಣೆಯ ಗದ್ದಲದಲ್ಲಿಯೂ ಅಲ್ಲ; ಪಾಠ ಮುಗಿದ ಮೇಲೆ ಜೊತೆಯಲ್ಲಿ ನಡೆಯುತ್ತ, ‘ತಮಾ, ರಾತ್ರಿ ನಿದ್ದೆ ಬರ್ತದ್ಯಾ?’ ಎಂದಷ್ಟೇ ಕೇಳಿದರೂ ಆದೀತು. ‘ಗಾಂಜಾ ಸೇದುತ್ತೀಯಾ?’ ಎಂಬುದರಿಂದ ಆರಂಭಿಸಿದರೆ ‘ಇಲ್ಲ ಸರ್’ ಎಂಬ ಉತ್ತರ ಬಂದು ಮಾತು ಅಲ್ಲಿಗೇ ಮುಗಿಯುತ್ತದೆ. ‘ಯಾರಿಗೂ ಹೇಳುವುದಿಲ್ಲ’ ಎಂಬ ಭಾಷೆಯನ್ನು ಕೊಡಬಾರದು, ಏಕೆಂದರೆ ಅದನ್ನು ಪಾಲಿಸಲು ಆಗಲಾರದು: ವಯಸ್ಸಿಗೆ ಬಾರದವನ ಔಷಧೋಪಚಾರಕ್ಕೆ ಪೋಷಕರ ಸಮ್ಮತಿ ಬೇಕು. ‘ಯಾರಿಗೆ ಹೇಳಬೇಕು, ಹೇಗೆ ಹೇಳಬೇಕೆಂಬುದನ್ನು ನಿನ್ನನ್ನು ಕೇಳಿಯೇ ನಿರ್ಧರಿಸುತ್ತೇನೆ’ ಎನ್ನಬಹುದು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆಯನ್ನು ನಾವೇ ಬಿತ್ತಿದಂತಾಗುವುದೆಂಬ ಅಂಜಿಕೆ ಬೇಡ. ಕೇಳಿದವರಿಂದ ಕೇಡಾಗಿಲ್ಲವೆಂದು ಅಧ್ಯಯನಗಳು ತೋರಿಸಿವೆ. ಹೌದೆಂಬ ಉತ್ತರ ಬಂದರೆ ಅವನನ್ನು ಒಂಟಿಯಾಗಿ ಬಸ್ಸು ಹತ್ತಿಸಬಾರದು, ಆ ದಿನವೇ ಮನೆಯವರನ್ನೂ ವೈದ್ಯರನ್ನೂ ಕಾಣಬೇಕು. ತೋಟದ ಮನೆಗಳಲ್ಲಿ ಕೀಟನಾಶಕ, ಕಳೆನಾಶಕಗಳು ಕೊಟ್ಟಿಗೆಯ ಅಟ್ಟದ ಮೇಲೆ ಕೈಗೆ ಸಿಕ್ಕುವಂತೆ ಇರುತ್ತವೆ. ಅವನ್ನು ಬೀಗದೊಳಗೆ ಇಡಿ ಎಂದು ತಂದೆಗೆ ಹೇಳುವುದು ಆ ದಿನದ ಅತ್ಯಂತ ಬೆಲೆಯುಳ್ಳ ಸಲಹೆಯಾದೀತು. ಭಾರತದಲ್ಲಿ 2022ನೆಯ ಒಂದೇ ವರ್ಷದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಗೆ ತುತ್ತಾದರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಕೇಂದ್ರ ತಿಳಿಸಿದೆ.

ಮನೆಯ ಕುಡಿತವೂ ಇದರೊಳಗಿನ ಮಾತೇ. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯು ಜನಜಾಗೃತಿ ವೇದಿಕೆಯೊಡನೆ ಊರೂರುಗಳಲ್ಲಿ ನಡೆಸುವ ವಾರದ ಅವಧಿಯ ಮದ್ಯವರ್ಜನ ಶಿಬಿರಗಳು ಈ ಜಿಲ್ಲೆಗೆ ಪರಿಚಿತವಾಗಿವೆ. ಊರಿನವರೇ ಕೂಡಿ ಅನ್ನ ಬಡಿಸಿ, ಹೆಂಡತಿ ಮಕ್ಕಳನ್ನು ಕರೆಸಿ, ಬಿಟ್ಟವನಿಗೆ ಮರ್ಯಾದೆಯ ಸ್ಥಾನವನ್ನು ಹಿಂದಿರುಗಿಸುವ ಆ ಪದ್ಧತಿಯನ್ನು ನಾವು ಗೌರವಿಸುತ್ತೇವೆ. ಆದರೆ ಅದು ನಡುವಯಸ್ಸಿನ ಗೃಹಸ್ಥರಿಗೆ ಹೊಂದಿದ ವಿಧಾನ. ಹದಿನೇಳರ ಹುಡುಗನನ್ನು ಅವರ ನಡುವೆ ಕೂರಿಸುವುದು ತರವಲ್ಲ. ಹುಡುಗನಿಗಾಗಿ ಆ ಶಿಬಿರವನ್ನು ಬಳಸಿಕೊಳ್ಳುವ ಸರಿಯಾದ ರೀತಿಯೆಂದರೆ ಅವನ ತಂದೆಯನ್ನು ಅಲ್ಲಿಗೆ ಕಳುಹಿಸುವುದು. ಎಷ್ಟೋ ವೇಳೆ ಮಗನ ನಿದ್ರೆ ಕೆಟ್ಟಿರುವುದು ತಂದೆ ರಾತ್ರಿ ಮನೆಗೆ ಬರುವ ಸದ್ದಿಗಾಗಿ ಕಾಯುತ್ತ ಮಲಗಿ. ಬಹುಕಾಲದಿಂದ ವಿಪರೀತವಾಗಿ ಕುಡಿಯುವವರು ಥಟ್ಟನೆ ನಿಲ್ಲಿಸಿದರೆ ನಡುಕ, ಸೆಳವು, ಭ್ರಮೆಗಳುಂಟಾಗಿ ಜೀವಕ್ಕೆ ಅಪಾಯವಾಗುವ ಸಂಭವವಿರುವುದರಿಂದ ವೈದ್ಯರ ಮೇಲ್ವಿಚಾರಣೆ ಬೇಕೆಂಬುದನ್ನು ಮಾತ್ರ ಮರೆಯಬಾರದು.

ಜೋಯಿಸರಲ್ಲಿ ಪ್ರಶ್ನೆ ಇಡಿಸುವುದು, ನೋಟ ನೋಡಿಸುವುದು, ಚೌಡಿಗೆ ಹರಕೆ ಹೇಳಿಕೊಳ್ಳುವುದು ಇಲ್ಲಿ ರೂಢಿಯಾಗಿದೆ. ವಿದ್ಯಾವಂತರು ಇದನ್ನು ಹೀಯಾಳಿಸಿದರೆ ಮನೆಯವರು ಆಸ್ಪತ್ರೆಗೆ ಬರುವುದನ್ನು ಬಿಡುತ್ತಾರೆಯೇ ಹೊರತು ಹರಕೆಯನ್ನಲ್ಲ. ಹರಕೆಯೂ ಇರಲಿ, ಮಾತ್ರೆಯೂ ಇರಲಿ ಎನ್ನುವುದು ವಿವೇಕ. ಹೊಡೆಯುವುದು, ಹೊಗೆ ಹಾಕುವುದು, ಉಪವಾಸ ಕೆಡವುವುದು ಇವುಗಳಿಗೆ ಮಾತ್ರ ಎಡೆಗೊಡಬಾರದು.

ಇನ್ನೊಂದು ಸಣ್ಣ ತೊಡಕು ಉಳಿದಿದೆ. ಅದು ಹಾಜರಿಯದು. ಪದವಿಪೂರ್ವ ತರಗತಿಗಳಲ್ಲಿ ಪರೀಕ್ಷೆಗೆ ಕುಳಿತುಕೊಳ್ಳಲು ಶೇಕಡಾ 75ರ ಹಾಜರಿ ಬೇಕು. ತಪಾಸಣೆಯಿರುವುದು ಮಂಗಳವಾರ, ಕಾಲೇಜಿರುವುದೂ ಮಂಗಳವಾರ. ಯಲ್ಲಾಪುರದ ಒಳಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದು, ಚೀಟಿ ಮಾಡಿಸಿ, ಸರದಿಯಲ್ಲಿ ಕಾದು, ಮಾತ್ರೆ ಪಡೆಯುವ ಹೊತ್ತಿಗೆ ದಿನವೇ ಮುಗಿದಿರುತ್ತದೆ. ಆರು ಸಲ ಹೀಗೆ ಗೈರುಹಾಜರಾದವನನ್ನು ಎಲ್ಲರೆದುರಿಗೆ ನಿಲ್ಲಿಸಿ ಕಾರಣ ಕೇಳಿದರೆ ಅವನು ಏಳನೆಯ ಸಲ ಆಸ್ಪತ್ರೆಯನ್ನು ಬಿಡುತ್ತಾನೆ, ಕಾಲೇಜನ್ನಲ್ಲ. ಅಥವಾ ಎರಡನ್ನೂ ಬಿಡುತ್ತಾನೆ. ಆಸ್ಪತ್ರೆಯ ಚೀಟಿಯನ್ನು ಪ್ರಾಚಾರ್ಯರೊಬ್ಬರೇ ನೋಡಿ, ಕಾಯಿಲೆಯ ಹೆಸರನ್ನು ದಾಖಲೆಯಲ್ಲಿ ಬರೆಯದೆ, ಆ ದಿನವನ್ನು ವೈದ್ಯಕೀಯ ರಜೆಯೆಂದು ಗುರುತಿಸುವ ಪದ್ಧತಿಯನ್ನು ಈ ತಾಲೂಕುಗಳ ಕಾಲೇಜುಗಳು ಮುಂದಿನ ವರ್ಷದ ಮೊದಲ ದಿನದಿಂದಲೇ ಆರಂಭಿಸಬಹುದು. ಅದಕ್ಕೆ ಹಣವೂ ಬೇಡ, ಹೊಸ ಹುದ್ದೆಯೂ ಬೇಡ.